ಸತ್ಯಾಂಶ: ಖಗೋಳ ವಿಜ್ಞಾನಿಗಳು ಯುಎಫ್‌ಒ ನೋಡೇ ಇಲ್ವಾ?

"ದಿನಾ ರಾತ್ರಿ ಆಕಾಶ ನೋಡೋ ವಿಜ್ಞಾನಿಗಳಲ್ಲಿ ಒಬ್ರೂ ಯುಎಫ್‌ಒ (ಗುರುತು ಸಿಗದ ಹಾರುವ ವಸ್ತು) ನೋಡಿಲ್ಲ" ಅನ್ನೋ ಫಾರ್ವರ್ಡ್ ಮೆಸೇಜ್ ನಿಮಗೂ ಬಂದಿರುತ್ತೆ. ಅದು ತಪ್ಪು. ಪ್ಲೂಟೊ ಕಂಡುಹಿಡಿದ ಕ್ಲೈಡ್ ಟಾಂಬೋ ಅವರೇ 1949ರಲ್ಲಿ ನ್ಯೂ ಮೆಕ್ಸಿಕೋದಲ್ಲಿ, ಹೆಂಡತಿ ಮತ್ತೆ ಅತ್ತೆ ಜೊತೆ ಇದ್ದಾಗ, ಆಯತಾಕಾರದ ಮಂದ ಬೆಳಕುಗಳು ಗುಂಪಾಗಿ ಸದ್ದಿಲ್ದೆ ಸಾಗಿದ್ದನ್ನ ನೋಡಿದ್ರು, ಅದನ್ನ ಮುಚ್ಚಿಟ್ಕೊಳ್ಳಲೂ ಇಲ್ಲ. 1970ರ ದಶಕದಲ್ಲಿ ಭೌತವಿಜ್ಞಾನಿ ಪೀಟರ್ ಸ್ಟರಾಕ್ ಅಮೆರಿಕದ ಖಗೋಳ ವಿಜ್ಞಾನಿಗಳ ಸಂಘದ ಸದಸ್ಯರಿಗೆ ಪ್ರಶ್ನಾವಳಿ ಕಳಿಸಿದಾಗ, ಉತ್ತರ ಬರೆದ 1,300ಕ್ಕೂ ಹೆಚ್ಚು ಜನರಲ್ಲಿ ಸುಮಾರು 60 ಮಂದಿ ಏನೋ ಅರ್ಥವಾಗದ್ದು ಕಂಡಿದೆ ಅಂದಿದ್ರು.

ಆದ್ರೆ ಹೀಗೆ ಕಂಡಿದೆ ಅನ್ನೋ ವಿಜ್ಞಾನಿಗಳು ಇಷ್ಟು ಕಮ್ಮಿ ಯಾಕೆ ಅಂದ್ರೆ, ದೊಡ್ಡ ಟೆಲಿಸ್ಕೋಪ್ ಆಕಾಶದ ಚೂರೇ ಚೂರು ಜಾಗ ನೋಡುತ್ತೆ, ವಿಜ್ಞಾನಿ ಕೂತಿರೋದು ಕಂಪ್ಯೂಟರ್ ಮುಂದೆ. ನಿಜವಾಗ್ಲೂ ಕತ್ತೆತ್ತಿ ನೋಡೋರು ಹವ್ಯಾಸಿಗಳು, ಅವರಿಗೋ ದಿಗಂತದ ಹತ್ರ ಬಣ್ಣಬಣ್ಣವಾಗಿ ಮಿನುಗ್ತಿರೋದು ಶುಕ್ರ, ಸಾಲಾಗಿ ರೈಲಿನ ಥರ ಹೋಗ್ತಿರೋದು ಸ್ಟಾರ್‌ಲಿಂಕ್ ಇಂಟರ್ನೆಟ್ ಸ್ಯಾಟಲೈಟ್‌ಗಳು, ಮಿನುಗದೆ ಹೋಗಿ ಭೂಮಿಯ ನೆರಳಿಗೆ ಸೇರಿದ ತಕ್ಷಣ ಮಾಯ ಆಗೋದು ಸ್ಯಾಟಲೈಟ್ ಅಂತ ಗೊತ್ತಿರುತ್ತೆ, ಹಾಗಾಗಿ ರಿಪೋರ್ಟ್ ಮಾಡೋ ಪ್ರಶ್ನೆನೇ ಬರಲ್ಲ. ಇನ್ನು, ಗುರುತು ಸಿಗಲಿಲ್ಲ ಅಂದ ಮಾತ್ರಕ್ಕೆ ಅದು ಏಲಿಯನ್ ಅಂತೇನಲ್ಲ, ಟಾಂಬೋ ನೋಡಿದ್ದೂ ಸೇರಿ.