ವ್ಯಕ್ತಿತ್ವ ವಿಕಸನಕ್ಕೆ ಬೇಕಾದದ್ದು ಕಾರ್ಯಾಗಾರವಲ್ಲ, ಮೇಷ್ಟ್ರ ಪುರುಸೊತ್ತು

ನಿನ್ನೆ ನಮ್ಮ ಕಾಲೇಜಿನಲ್ಲಿ ‘ಸಮಗ್ರ ವ್ಯಕ್ತಿತ್ವ ವಿಕಸನ’ ಕಾರ್ಯಾಗಾರ ನಡೆಯಿತು. ಹಾಜರಾತಿ ಹಾಳೆಗೆ ಸಹಿ ಬಿತ್ತು, ಸಂಪನ್ಮೂಲ ವ್ಯಕ್ತಿಗಳು ಸ್ಲೈಡುಗಳನ್ನು ಓದಿದರು, ಮೌಲ್ಯಮಾಪನಕ್ಕೆ ಬರುವ ಸಮಿತಿಗೆ ತೋರಿಸಲು ಜಿಯೋಟ್ಯಾಗ್ ಫೋಟೊಗಳೂ (ತೆಗೆದ ಜಾಗದ ಗುರುತಿರುವ ಫೋಟೊಗಳು) ಸಿದ್ಧವಾದವು. ಆದರೆ ಒಬ್ಬ ವಿದ್ಯಾರ್ಥಿಗೂ ಬಾಯಿ ತೆರೆಯುವ ಅವಕಾಶ ಸಿಗಲಿಲ್ಲ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಪಾಠ ಮಾಡಿಕೊಂಡು ಬಂದವನೆಂದು ಬಲ್ಲ ಗೆಳೆಯರಿಗೆ ನನ್ನ ಸಿಟ್ಟು ಅರ್ಥವಾದೀತು.

ವಿದ್ಯಾರ್ಥಿಯ ಬುದ್ಧಿಯಷ್ಟೇ ಅಲ್ಲ, ಅವನ ನಡತೆ, ಅಭಿರುಚಿ, ಅಂಜಿಕೆ, ಸುತ್ತಲಿನವರ ಬಗೆಗಿನ ಕಾಳಜಿ ಎಲ್ಲವೂ ವಿಶ್ವವಿದ್ಯಾಲಯದ ಹೊಣೆಯೆಂದು ಒಪ್ಪುವುದಾದರೆ, ಕಲಿಸುವವರಿಗೆ ಆ ವಿದ್ಯಾರ್ಥಿಯ ಪರಿಚಯವಾದರೂ ಇರಬೇಕು. 2021ರಲ್ಲಿ ಹೊಸ ಶಿಕ್ಷಣ ನೀತಿ ಕರ್ನಾಟಕದಲ್ಲಿ ಜಾರಿಗೆ ಬಂದಾಗ ಯೋಗಕ್ಕೆ, ಕ್ರೀಡೆಗೆ, ಎನ್‌ಎಸ್‌ಎಸ್‌ಗೆ ಕ್ರೆಡಿಟ್ ಸಿಕ್ಕಿತು, ಅಂದರೆ ಅವೂ ಪದವಿಯ ಲೆಕ್ಕಕ್ಕೆ ಸೇರಿದವು. 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆವು. ಪಠ್ಯವಿಷಯಗಳು ಬಂದವು, ಹೋದವು. ಮೇಷ್ಟ್ರಿಗೆ ಪುರುಸೊತ್ತು ಎಲ್ಲಿಂದ ಬರಬೇಕೆಂಬ ಚರ್ಚೆ ಮಾತ್ರ ನಮ್ಮ ಯಾವ ಸಭೆಯಲ್ಲೂ ನಡೆಯಲಿಲ್ಲ.

ಮೈಸೂರು ವಿಶ್ವವಿದ್ಯಾಲಯ ಶುರುವಾದ ಹೊಸದರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ವಿಜ್ಞಾನದ ಕಾಲೇಜಾಗಿತ್ತು. ಆ ವಿಜ್ಞಾನದ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದರು, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಎಂಬ ಸಾಹಿತ್ಯ ಪತ್ರಿಕೆಯನ್ನು ಹೊರಡಿಸಿದರು. ತರಗತಿಯ ಆಚೆಗೂ ಹುಡುಗರೊಡನೆ ಕೂರುವ ಅಧ್ಯಾಪಕರೊಬ್ಬರಿದ್ದರೆ ಕಾಲೇಜೊಂದು ಏನಾಗಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂದು ನಮ್ಮ ಬಹುಪಾಲು ತರಗತಿಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿ ಬದುಕುವವರಿಗೆ, ಸಂಜೆ ಉಳಿದು ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸಿ ಎಂದು ಯಾವ ಬಾಯಿಂದ ಹೇಳುವುದು? ಕಾಯಂ ಇರುವ ನಾವೂ ನಮಗೆ ವಹಿಸಿದ ವಿದ್ಯಾರ್ಥಿಗಳ ವಿವರ ಬರೆದಿಡುವ ಮೆಂಟರ್ ಪುಸ್ತಕ ತುಂಬುತ್ತೇವೆ, ಆಂತರಿಕ ಅಂಕ ಏರಿಸುತ್ತೇವೆ, ವರದಿ ಬರೆಯುತ್ತೇವೆ; ಆ ಪುಸ್ತಕದಲ್ಲಿ ಹೆಸರಿರುವ ಹುಡುಗಿ ಬಾಗಿಲಲ್ಲಿ ನಿಂತರೆ ‘ಆಮೇಲೆ ಬಾಮ್ಮ’ ಎನ್ನಬೇಕಾಗುತ್ತದೆ. ಹಾಗೆ ಹೇಳಿ ಕಳಿಸಿದ ದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು, ಬಡವರ ಮಕ್ಕಳಿಗೆ ಮೊದಲು ಕೆಲಸ ಬೇಕು ಎನ್ನುವವರಿದ್ದಾರೆ. ಕೆಲಸ ಬೇಕು, ನಿಜ. ಆದರೆ ಅನುಕೂಲಸ್ಥರ ಮಕ್ಕಳಿಗೆ ಪುಸ್ತಕ, ಸಂಗೀತ, ವಾದ, ಪ್ರವಾಸ ಎಲ್ಲವೂ ಮನೆಯಲ್ಲೇ ಸಿಗುತ್ತವೆ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬರುವ ಹುಡುಗಿಗೆ ಅವು ಸಿಗುವುದಾದರೆ ಕಾಲೇಜಿನಲ್ಲೇ ಸಿಗಬೇಕು. ಸಂದರ್ಶನದಲ್ಲಿ ನಮ್ಮ ಮಕ್ಕಳು ತಡವರಿಸುವುದು ವಿಷಯ ಗೊತ್ತಿಲ್ಲದೆ ಅಲ್ಲ, ‘ನಿನಗೆ ಏನನ್ನಿಸುತ್ತದೆ?’ ಎಂದು ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರುವುದಿಲ್ಲ. ಬಡವರಿಗೆ ಇಷ್ಟು ಸಾಕು ಎನ್ನುವ ಈ ವಾದವನ್ನು ನಾನು ಒಪ್ಪಲಾರೆ.

ಖಾಲಿ ಹುದ್ದೆಗಳನ್ನು ತುಂಬುವುದು ಸರ್ಕಾರದ ಕೆಲಸ. ನಾನು ನಮ್ಮ ಪ್ರಾಂಶುಪಾಲರ ಬಳಿ ಕೇಳಲಿರುವುದು ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ವಿದ್ಯಾರ್ಥಿಗಳೊಡನೆ ಕೂತು ಮಾತಾಡಲು ವಾರಕ್ಕೊಂದು ಮಧ್ಯಾಹ್ನವನ್ನು: ಅದಕ್ಕೆ ಅಂಕ ಇರಬಾರದು, ಫೋಟೊ ಇರಬಾರದು, ವರದಿಯನ್ನೂ ಕೇಳಬಾರದು.