ಗಾಯಾಳುವಿನ ಜೊತೆ ಆಂಬುಲೆನ್ಸ್ ಹತ್ತಿದರೆ ಕೇಸ್ ಬೀಳುತ್ತದೆಯೇ?

ಅಪಘಾತದಲ್ಲಿ ಬಿದ್ದವರನ್ನು ಆಂಬುಲೆನ್ಸ್‌ಗೆ ಹತ್ತಿಸಿ ಜೊತೆಗೆ ಹೋದರೆ ಪೊಲೀಸ್ ಕೇಸ್, ಕೋರ್ಟ್ ಅಲೆದಾಟ ಗ್ಯಾರಂಟಿ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು.

ಹಿಂದೆ ಜನ ಪಟ್ಟ ಪಾಡಿನಿಂದ ಹುಟ್ಟಿದ ಭಯವಿದು, ಕಳಿಸುವವರನ್ನು ದೂರುವಂತಿಲ್ಲ. ಆದರೆ ಇದೇ ಭಯಕ್ಕೆ ಸ್ಟ್ರೆಚರ್‌ನ ಒಂದು ತುದಿ ಹಿಡಿಯಲೂ ಜನ ಹಿಂಜರಿಯುತ್ತಾರೆ, ಅದೇ ಸಂಕಟ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಪ್ರತಿಫಲ ಬಯಸದೆ, ಸದುದ್ದೇಶದಿಂದ ನೆರವಾಗುವಾಗ ಎಡವಟ್ಟಾಗಿ ಗಾಯಾಳು ತೀರಿಕೊಂಡರೂ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಕ್ರಮ ಇಲ್ಲ. ಹೆಸರು, ವಿಳಾಸ ಕೊಡಿ ಎಂದು ಪೊಲೀಸರೂ ಒತ್ತಾಯಿಸುವಂತಿಲ್ಲ.

ಇಂಥ ಸಂದೇಶ ಬಂದರೆ ಅದರಲ್ಲಿ ಕಲಂ ಸಂಖ್ಯೆ ಇದೆಯೇ ನೋಡಿ. ಇದ್ದರೆ, ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಅದನ್ನೇ ತೆಗೆದು ಓದಿ. ಇಲ್ಲದಿದ್ದರೆ, ಅಲ್ಲೇ 134ಎ ಓದಿ ನೋಡಿ, ಚಿಕ್ಕ ಕಲಂ ಅದು.