ದೀಪದ ಚಿತ್ರ ಮರೆಮಾಡಿದ್ದು

ಬ್ರಿಟಿಷ್ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ದೀಪ ಹಿಡಿದಂತೆ ತೋರಿಸುವ 1855ರ ‘ದೀಪಧಾರಿಣಿ’ ಚಿತ್ರವೇ ದಾದಿಯರ ವೃತ್ತಿಗೆ ಗೌರವ ತಂದುಕೊಟ್ಟಿತು ಎಂದು ಲೇಖನವೊಂದು ಹೇಳುತ್ತದೆ; ಅದರ ಲೇಖಕರ ಈ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಆ ವರ್ಷದ ಫೆಬ್ರುವರಿಯಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಪ್ರಕಟಿಸಿದ, ಕ್ರಿಮಿಯಾ ಯುದ್ಧದ ಸೈನಿಕರಿದ್ದ ಟರ್ಕಿಯ ಸ್ಕುಟಾರಿಯ ಆಸ್ಪತ್ರೆಯ ವಾರ್ಡಿನಲ್ಲಿ ನೈಟಿಂಗೇಲ್ ದೀಪ ಹಿಡಿದಿರುವ ಚಿತ್ರವು ಅವರನ್ನು ಮನೆಮಾತಾಗಿಸಿತು, ನಿಜ. ಆದರೆ ಗೌರವ ಸಂದದ್ದು ಅವರ ಕರುಣೆಗೆ, ಕೆಲಸಕ್ಕಲ್ಲ. ಕೊಳಚೆ ನಿವಾರಣೆ, ಶುದ್ಧ ಗಾಳಿ, ಬಟ್ಟೆ, ಆಹಾರಗಳಿಗಾಗಿ ಅಧಿಕಾರಿಗಳೊಂದಿಗೆ ಅವರು ನಡೆಸಿದ ಹೋರಾಟಕ್ಕೆ ಆ ಚೌಕಟ್ಟಿನಲ್ಲಿ ಎಲ್ಲಿದೆ ಜಾಗ? ನಂತರದ ಕಲಾವಿದರಂತೂ ಅವರು ಬಳಸಿದ ಮಡಚುವ ಟರ್ಕಿ ಕಂದೀಲಿನ ಬದಲು ಗ್ರೀಕ್ ಮಾದರಿಯ ಎಣ್ಣೆದೀಪವನ್ನೇ ಅವರ ಕೈಗಿತ್ತರು. ನಮ್ಮ ನರ್ಸಿಂಗ್ ಕಾಲೇಜುಗಳ ಪ್ರತಿಜ್ಞಾ ಸಮಾರಂಭದಲ್ಲಿ ಉಳಿದಿರುವುದೂ ದೀಪವೇ. ಲೇಖನದಲ್ಲಿ ಇರಲೇಬೇಕಿದ್ದ ಇನ್ನೊಂದು ಚಿತ್ರವೆಂದರೆ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರು ಎಂಬುದನ್ನು ಬಣ್ಣಬಣ್ಣದ ಭಾಗಗಳಲ್ಲಿ ತೋರಿಸುವ, 1858ರಲ್ಲಿ ನೈಟಿಂಗೇಲ್ ಅವರೇ ಪ್ರಕಟಿಸಿದ ವೃತ್ತಾಕಾರದ ನಕ್ಷೆ. ದಾದಿಯೊಬ್ಬರು ಅಂಕಿ ಅಂಶಗಳನ್ನು ಮುಂದಿಟ್ಟು ಸೈನ್ಯದ ನೈರ್ಮಲ್ಯ ವ್ಯವಸ್ಥೆಯನ್ನೇ ಪ್ರಶ್ನಿಸಿದ ಆ ಚಿತ್ರ ಜನರ ನೆನಪಿನಲ್ಲಿ ಏಕೆ ನಿಲ್ಲಲಿಲ್ಲ ಎಂಬುದನ್ನು ಲೇಖಕರು ಚರ್ಚಿಸಬೇಕಿತ್ತು.